ಹ ಇರುವ ಪದಗಳ ಪಟ್ಟಿ

ಬಸ್ಸಲ್ಲಿ ಕೇಳ್ತಿದ್ರೆ ಇಯರ್‌ಫೋನ್ ಸರಿ ಮಾಡ್ಕೊಳ್ಳಿ. ಇವತ್ತಿನ ಕಂತಿನಲ್ಲಿ ಒಂದೊಂದು ಅಕ್ಷರವೂ ಕಿವಿಗೆ ಬೀಳಬೇಕು.

ಮಾಗಡಿ ತಾಲ್ಲೂಕಿನ ಕಲ್ಯ ನಮ್ಮೂರು. ಹೋದ ಹಬ್ಬಕ್ಕೆ ಊರಿಗೆ ಹೋಗಿದ್ದಾಗ ಜಗಲಿ ಮೇಲೆ ಕೂತಿದ್ದೆ. ಚಿಕ್ಕಪ್ಪನ ಮಗಳು, ಒಂಬತ್ತನೇ ಕ್ಲಾಸು, ಫೋನ್ ಹಿಡ್ಕೊಂಡು ಓಡಿ ಬಂದಳು. "ಅಕ್ಕಾ, ಬೇಗ ಹೇಳು. ಕ್ಯೂ ಇರಬೇಕು, ಯು ಇರಬಾರದು. ಅಂಥ ಇಂಗ್ಲಿಷ್ ಪದ ಯಾವುದು?"

ಕ್ಯೂ, ಐ. ಎರಡೇ ಅಕ್ಷರ. ಚೀನೀ ಭಾಷೆಯಿಂದ ಬಂದದ್ದು, 'ಚೀ' ಅಂತ ಓದಬೇಕು, ಪ್ರಾಣಶಕ್ತಿ ಅನ್ನೋ ಅರ್ಥ. ಸ್ಕ್ರ್ಯಾಬಲ್ ಆಡೋರಿಗೆಲ್ಲ ಇದು ಬಾಯಿಪಾಠ. ನಾನು ಹೇಳೋಷ್ಟರಲ್ಲಿ ಅವಳು ಗೂಗಲ್ ಮಾಡಿ ಇಡೀ ಪಟ್ಟಿಯನ್ನೇ ತೆಗೆದಿದ್ದಳು.

ಪಕ್ಕದಲ್ಲಿ ಅವರೆಕಾಯಿ ಸುಲೀತಿದ್ದ ಅಜ್ಜಿ ಕೇಳಿತು: "ಅಕ್ಷರ ಇಟ್ಕಂಡು ಪದ ಉಡುಕೋದೇನವ್ವಾ? ಪದ ಗೊತ್ತಿದ್ರೆ ತಾನೆ ಅಕ್ಷರ ಬರ್ಯೋದು?"

ಹುಡುಗಿ ನಕ್ಕಳು. "ಅಜ್ಜೀ, ಉಡುಕೋದಲ್ಲ, ಹುಡುಕೋದು!"

ನಾನು ನಗಲಿಲ್ಲ. ಯಾಕೆ ಅಂತ ಆಮೇಲೆ ಹೇಳ್ತೀನಿ. ಅದಕ್ಕಿಂತ ಮುಂಚೆ ಅಜ್ಜಿಯ ಪ್ರಶ್ನೆಗೆ ಉತ್ತರ ಹುಡುಕೋಣ. ಅಕ್ಷರ ಹಿಡಿದು ಪದ ಹುಡುಕೋ ಕೆಲಸ ಮನುಷ್ಯರಿಗೆ ಯಾಕೆ ಬೇಕಾಯ್ತು?

ಮೊದಲು ಆಟದ ಕಥೆ. 1930ರ ದಶಕದ ಅಮೆರಿಕ, ಮಹಾ ಆರ್ಥಿಕ ಕುಸಿತದ ಕಾಲ. ಆಲ್ಫ್ರೆಡ್ ಬಟ್ಸ್ ಅನ್ನೋ ಆರ್ಕಿಟೆಕ್ಟ್ ಕೆಲಸ ಕಳ್ಕೊಂಡು ಮನೇಲಿ ಕೂತಿದ್ದ. ಕೂತು ಮಾಡಿದ್ದು ಏನಂದ್ರೆ, ನ್ಯೂಯಾರ್ಕ್ ಟೈಮ್ಸ್ ಥರದ ಪತ್ರಿಕೆಗಳನ್ನ ಹರಡ್ಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತೆ ಅಂತ ಎಣಿಸಿದ್ದು. ಇ ಎಲ್ಲ ಕಡೆ ಸಿಕ್ತು. ಅದಕ್ಕೆ ಬಿಲ್ಲೆ ಹನ್ನೆರಡು, ಅಂಕ ಒಂದೇ ಒಂದು. ಕ್ಯೂ, ಜೆಡ್ ಅಪರೂಪ. ಒಂದೊಂದೇ ಬಿಲ್ಲೆ, ಹತ್ತತ್ತು ಅಂಕ. ಎಸ್ ಅಕ್ಷರವನ್ನ ಬೇಕಂತಲೇ ನಾಲ್ಕಕ್ಕೆ ನಿಲ್ಲಿಸಿದ. ಇಲ್ಲದಿದ್ರೆ ಎಲ್ಲ ಪದಕ್ಕೂ ಬಾಲಕ್ಕೊಂದು ಎಸ್ ಸೇರಿಸಿ ಬಹುವಚನ ಮಾಡಿ ಗೆದ್ದುಬಿಡ್ತಾರೆ. ನಾನು ಬಿಕಾಂ ಓದಿದವಳು, ನನಗೆ ಇದು ಪೂರೈಕೆ–ಬೇಡಿಕೆ ಪಾಠದ ಥರಾನೇ ಕಾಣುತ್ತೆ. ಕಮ್ಮಿ ಸಿಗೋದಕ್ಕೆ ಬೆಲೆ ಜಾಸ್ತಿ. ಆ ಆಟಕ್ಕೆ ಸ್ಕ್ರ್ಯಾಬಲ್ ಅನ್ನೋ ಹೆಸರು ಬಂದದ್ದು 1948ರಲ್ಲಿ, ಜೇಮ್ಸ್ ಬ್ರುನೋ ಅನ್ನೋನು ಮಾರಾಟಕ್ಕೆ ಇಳಿದ ಮೇಲೆ.

ನಮ್ಮ ಕಾಲದ್ದು ವರ್ಡಲ್. ಜಾಶ್ ವಾರ್ಡಲ್ ಅನ್ನೋ ಇಂಜಿನಿಯರ್ ತನ್ನ ಸಂಗಾತಿ ಪಲಕ್ ಶಾಗೋಸ್ಕರ ಮಾಡಿದ ಆಟ. 2021ರ ಅಕ್ಟೋಬರ್‌ನಲ್ಲಿ ಹೊರಗೆ ಬಂತು, 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಳ್ತು. ಇಂಗ್ಲಿಷಿನಲ್ಲಿ ಐದಕ್ಷರದ ಪದ ಸುಮಾರು 12,000 ಇವೆ. ಅಷ್ಟನ್ನೂ ಪಲಕ್ ಕೂತು ನೋಡಿ, ಸಾಮಾನ್ಯ ಜನಕ್ಕೆ ಗೊತ್ತಿರೋದು, ಗೊತ್ತಿಲ್ಲದ್ದು ಅಂತ ಜರಡಿ ಹಿಡಿದರು. ಉಳಿದದ್ದು ಸುಮಾರು 2,300. ಅಂದ್ರೆ ಜಗತ್ತಿನವರೆಲ್ಲ ಬೆಳಗ್ಗೆ ಎದ್ದು ತಲೆ ಕೆಡಿಸ್ಕೊಳ್ತಿದ್ದದ್ದು ಒಬ್ಬರು ಕೂತು ಸೋಸಿದ ಪಟ್ಟಿಗೆ.

ಹಾಗಿದ್ರೆ ಅಜ್ಜೀ, ಉತ್ತರ ಇಷ್ಟೇನಾ, ಆಟ ಗೆಲ್ಲೋಕೆ? ಅಲ್ಲ. ಅಕ್ಷರ ಹಿಡಿದು ಪದ ಹುಡುಕೋ ಪಟ್ಟಿ ನಾನೂ ಒಂದು ಮಾಡಿದ್ದೆ. ಯಾವ ಆಟ ಗೆಲ್ಲೋಕೂ ಅಲ್ಲ.

ಡಿಗ್ರಿ ಎರಡನೇ ವರ್ಷ. ಕಾಲೇಜಿನ ವಾರ್ಷಿಕೋತ್ಸವಕ್ಕೆ ನಿರೂಪಣೆ ನಂದು. ನಮ್ಮ ಕಡೆಯ ಮಾತಿನಲ್ಲಿ ಹ ಉದುರಿಹೋಗುತ್ತೆ ಅಂತ ನಿಮಗೆ ಗೊತ್ತು. ಹಾಲು ಆಲಾಗುತ್ತೆ, ಹೊಲ ಒಲ ಆಗುತ್ತೆ, ಹತ್ತು ರೂಪಾಯಿ ಅತ್ತು ರೂಪಾಯಿ ಆಗುತ್ತೆ. ಅದಕ್ಕೆ ಗೆಳತಿಯರು ಮೊದಲೇ ಹೆದರಿಸಿದ್ರು, "ಹ ನುಂಗಬೇಡ ಕಣೇ, ಮೈಕಲ್ಲಿ ಚೆನ್ನಾಗಿ ಕೇಳುತ್ತೆ" ಅಂತ. ನಾನು ರಾತ್ರಿಯೆಲ್ಲ ಕೂತು ಹ, ಹ, ಹ ಅಂತ ಅಭ್ಯಾಸ ಮಾಡಿದೆ. ಬೆಳಗ್ಗೆ ವೇದಿಕೆ ಹತ್ತಿ ಮುಖ್ಯ ಅತಿಥಿಗಳಿಗೆ 'ಆದರದ ಸ್ವಾಗತ' ಕೋರಬೇಕಿತ್ತು. ಹೆದರಿಕೆಗೆ, ಎಲ್ಲಿ ಹ ಬೇಡವೋ ಅಲ್ಲೂ ಒಂದು ಹ ಬಂದುಬಿಡ್ತು.

ಏನಾಯ್ತು ಅಂತ ಊಹಿಸ್ಕೊಳ್ಳಿ. ನಾನು ಮತ್ತೆ ಹೇಳಲ್ಲ. ಇಡೀ ಸಭಾಂಗಣ ನಕ್ಕಿತು. ಮುಂದಿನ ಸಾಲಲ್ಲಿ ಕೂತಿದ್ದ ಅಧ್ಯಾಪಕರೂ ನಕ್ಕರು. ಮೂರನೇ ವರ್ಷ ಮುಗಿಯೋವರೆಗೂ ಆ ಪದವೇ ನನ್ನ ಅಡ್ಡಹೆಸರು.

ಅವತ್ತು ರಾತ್ರಿ ಕಾಸ್ಟ್ ಅಕೌಂಟಿಂಗ್ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಎರಡು ಕಾಲಂ ಎಳೆದೆ, ಡೆಬಿಟ್ ಕ್ರೆಡಿಟ್ ಎಳೆಯೋ ಹಾಗೆ. ಎಡಕ್ಕೆ ಹ ಇರೋ ಪದ, ಬಲಕ್ಕೆ ಹ ಇಲ್ಲದ್ದು. ಹಕ್ಕಿ, ಅಕ್ಕಿ. ಹಾಡು, ಆಡು. ಹತ್ತು, ಅತ್ತು. ಹುಳಿ, ಉಳಿ. ಹಾಸನ, ಆಸನ. ಪ್ರತಿದಿನ ಮಗ್ಗಿ ಥರ ಒಪ್ಪಿಸ್ತಿದ್ದೆ. ನನ್ನ ಕಿವಿಗೆ ವ್ಯತ್ಯಾಸ ಗೊತ್ತಾಗ್ತಿರಲಿಲ್ಲ, ಅದಕ್ಕೇ ಕಣ್ಣಿಗೆ ಪಟ್ಟಿ ಬೇಕಾಯ್ತು.

ಈ ಮಾತನ್ನ ಸ್ವಲ್ಪ ನೆನಪಿಟ್ಕೊಳ್ಳಿ: ಕಿವಿ ಕೈಬಿಟ್ಟಾಗ ಪಟ್ಟಿ ಬೇಕಾಗುತ್ತೆ. ಪಾಡ್‌ಕಾಸ್ಟ್ ಶುರು ಮಾಡಿದ ಮೇಲೆ ಹಳೆಗನ್ನಡ ವ್ಯಾಕರಣದ ಬಗ್ಗೆ ಓದ್ತಾ ಇದ್ದಾಗ, ಇದೇ ಕಷ್ಟಕ್ಕೆ ಇದೇ ಉಪಾಯ ಮಾಡಿದ್ದ ಇನ್ನೊಬ್ಬರು ಸಿಕ್ಕಿದರು. ಸುಮಾರು 1260ನೇ ಇಸವಿಯವರು.

ಹೆಸರು ಕೇಶಿರಾಜ. ಹೊಯ್ಸಳರ ಕಾಲದ ಜೈನ ಪಂಡಿತ. ಅಪ್ಪ ಮಲ್ಲಿಕಾರ್ಜುನ, ಸೂಕ್ತಿಸುಧಾರ್ಣವ ಅನ್ನೋ ಪದ್ಯಸಂಕಲನ ಮಾಡಿದವನು. ಸೋದರಮಾವ ಕವಿ ಜನ್ನ. ಇಂಥ ಮನೆಯ ಹುಡುಗ ಬರೆದ ವ್ಯಾಕರಣ 'ಶಬ್ದಮಣಿದರ್ಪಣ'. ನಾವೆಲ್ಲ ಶಾಲೆಯಲ್ಲಿ ಪರೀಕ್ಷೆಗೆ ಹೆಸರು ಉರುಹೊಡೆದು ಮರೆತುಬಿಟ್ಟ ಪುಸ್ತಕ. ಅದರೊಳಗೆ ಒಂದು ಅಕ್ಷರ ಇರುವ ಪದಗಳ ಪಟ್ಟಿ ಇದೆ.

ಆ ಅಕ್ಷರ ೞ. ಇದಕ್ಕೆ ರಳ ಅಂತ ಹೆಸರು. ಕೇಶಿರಾಜನ ಲೆಕ್ಕದಲ್ಲಿ ಳ ಮೂರು ಬಗೆ. ನಮ್ಮ ಮಾಮೂಲಿ ಕನ್ನಡದ ಳ, ಅದು ಕುಳ. ಸಂಸ್ಕೃತದ ಲ ಕನ್ನಡಕ್ಕೆ ಬಂದು ಳ ಆದದ್ದು ಕ್ಷಳ. ಮೂರನೆಯದು ರಳ, ಅದರ ಉಚ್ಚಾರಣೆಯೇ ಬೇರೆ. ಹೇಗಿತ್ತು ಅಂತ ಕೇಳಬೇಕಾದ್ರೆ ತಮಿಳು ಸ್ನೇಹಿತರನ್ನ 'ಮಳೆ' ಅನ್ನೋದಕ್ಕೆ ಏನಂತೀರಾ ಅಂತ ಕೇಳಿ. ನಾಲಿಗೆ ಹಿಂದಕ್ಕೆ ಮಡಚ್ಕೊಂಡು 'ಮೞೈ' ಅಂತಾರಲ್ಲ, ಅದೇ. ಕೇರಳದ ಆಲಪ್ಪುೞ, ಕೋೞಿಕ್ಕೋಡ್ ಊರುಗಳಲ್ಲೂ ಅದೇ. ಇಂಗ್ಲಿಷಿನಲ್ಲಿ ಅದನ್ನ ಬರೆಯೋಕೆ ಆಗದೆ ಜೆಡ್ ಎಚ್ ಹಾಕ್ತಾರೆ.

ಅದು ನಮ್ಮಲ್ಲೂ ಇತ್ತು. ಮಳೆ ಆಗ ಮೞೆ. ಬಾಳೆ, ಬಾೞೆ. ಕೋಳಿ, ಕೋೞಿ. ಇಳಿ ಅನ್ನೋದು ಇೞಿ. ಬಾಳ್ ಅಂದ್ರೆ ಕತ್ತಿ, ಬಾೞ್ ಅಂದ್ರೆ ಬದುಕು. ಈಗ ಎರಡಕ್ಕೂ ಒಂದೇ ಳ.

ನನಗೆ ಭಾರಿ ಖುಷಿ ಕೊಟ್ಟ ಜೋಡಿ ಬೇರೆ ಇದೆ. ಹೇಳು, ಕೇಳು. ಪಾಡ್‌ಕಾಸ್ಟ್ ಅಂದ್ರೆ ಇಷ್ಟೇ ತಾನೆ, ನಾನು ಹೇಳೋದು, ನೀವು ಕೇಳೋದು. ಹಳಗನ್ನಡದಲ್ಲಿ ಹೇಳು ಅನ್ನೋದು ಪೇೞ್, ಕೇಳು ಅನ್ನೋದು ಕೇಳ್. ನನ್ನ ಕಡೆಯ ಳ ಬೇರೆ, ನಿಮ್ಮ ಕಡೆಯ ಳ ಬೇರೆ.

ಕೇಶಿರಾಜ ಬರೆಯೋ ಹೊತ್ತಿಗೆ ಈ ವ್ಯತ್ಯಾಸ ಜನರ ಬಾಯಲ್ಲಿ ಬಹುಪಾಲು ಅಳಿಸಿಹೋಗಿತ್ತು. ಆಡೋ ಮಾತಿಗೆ ಅದರಿಂದ ಏನೂ ತೊಂದರೆ ಇರಲಿಲ್ಲ. ತೊಂದರೆ ಬಂದದ್ದು ಪದ್ಯ ಬರೆಯೋರಿಗೆ. ಯಾಕಂದ್ರೆ ಹಳಗನ್ನಡ ಪದ್ಯಕ್ಕೆ ಪ್ರಾಸದ ಕಟ್ಟುಪಾಡು ಇತ್ತು. ಇಂಗ್ಲಿಷ್ ಪದ್ಯದ ಥರ ಸಾಲಿನ ಕೊನೆಯಲ್ಲಿ ಅಲ್ಲ, ಶುರುವಿನಲ್ಲಿ. ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ಮೊದಲ ಸಾಲು 'ಹಾಲು' ಅಂತ ಶುರುವಾದ್ರೆ ಮುಂದಿನ ಸಾಲುಗಳು ಕಾಲು, ಗೋಲಿ, ಬೇಲಿ ಹೀಗೆ ಲಕಾರ ಹಿಡಿದೇ ಬರಬೇಕು. ಒಂದು ಪದ್ಯಕ್ಕೆ ನಾಲ್ಕು ಸಾಲು, ಒಂದು ಕಾವ್ಯಕ್ಕೆ ಪದ್ಯಗಳು ನೂರಾರು. ಪಂಪ 941ರಲ್ಲಿ ಕಾವ್ಯ ಬರೆದಾಗಲೂ ಇದೇ ನಿಯಮ.

ಈಗ ನೋಡಿ. 'ಎರಡನೇ ಅಕ್ಷರ ಇಂಥದ್ದೇ ಇರಬೇಕು, ಅಂಥ ಪದ ಹುಡುಕು.' ನಮ್ಮ ಹುಡುಗಿ ಫೋನಲ್ಲಿ ಆಡ್ತಿದ್ದದ್ದು ಇದೇ ಅಲ್ವಾ? ಸಾವಿರ ವರ್ಷದ ಹಿಂದೆ ಕನ್ನಡ ಕವಿಗಳು ದಿನಾ ಆಡ್ತಿದ್ದ ಆಟ ಇದು. ಫೋನ್ ಇರಲಿಲ್ಲ ಅಷ್ಟೆ.

ಈ ಆಟದಲ್ಲಿ ರಳಕ್ಕೆ ಕುಳ ಪ್ರಾಸ ಕಟ್ಟಿದ್ರೆ ತಪ್ಪು. ಬಾೞ್ ಅಂತ ಶುರು ಮಾಡಿ ಮುಂದಿನ ಸಾಲಿಗೆ ಕೇಳ್ ತಂದ್ರೆ ಔಟ್. ಆದರೆ ಎರಡೂ ಕಿವಿಗೆ ಒಂದೇ ಥರ ಕೇಳಿಸೋ ಕಾಲದಲ್ಲಿ ಹುಟ್ಟಿದ ಕವಿಗೆ ಯಾವುದು ಯಾವುದು ಅಂತ ಗೊತ್ತಾಗೋದು ಹೇಗೆ? ಅದಕ್ಕೆ ಕೇಶಿರಾಜ ಅರ್ಥದ ಪ್ರಕಾರ ಅಲ್ಲ, ಅಕ್ಷರದ ಪ್ರಕಾರ ಪದಗಳನ್ನ ಸಾಲಾಗಿ ಇಟ್ಟ. ಇವುಗಳಲ್ಲಿ ಇರೋದು ರಳ, ನೆನಪಿಟ್ಟುಕೊಳ್ಳಿ ಅಂತ. ನನ್ನ ನೋಟ್‌ಬುಕ್ಕಿನ ಹಿಂದಿನ ಹಾಳೆಯ ಕೆಲಸವೇ ಅದು. ಬಾಯಿ ಕಳ್ಕೊಂಡ ಅಕ್ಷರವನ್ನ ಪಟ್ಟಿಯಲ್ಲಿ ಹಿಡಿದಿಡೋದು.

ಪಟ್ಟಿ ಗೆಲ್ತಾ? ಅಕ್ಷರ ಉಳೀಲಿಲ್ಲ. ಕಾವ್ಯಗಳಲ್ಲೂ ರಳ–ಕುಳ ಬೆರೆತುಹೋದವು. ಎಷ್ಟರಮಟ್ಟಿಗೆ ಅಂದ್ರೆ, ಕವಿಯ ಕಾಲ ಗೊತ್ತಿಲ್ಲದಿದ್ರೆ ವಿದ್ವಾಂಸರು ಆ ಪ್ರಾಸಗಳನ್ನ ನೋಡಿ ಊಹಿಸ್ತಾರೆ. ಬೆರಕೆ ಜಾಸ್ತಿ ಇದ್ರೆ ಕೃತಿ ಈಚಿನದ್ದು. ತಪ್ಪೇ ಇಲ್ಲಿ ಕ್ಯಾಲೆಂಡರ್. ಆದರೆ ಯಾವ ಪದದಲ್ಲಿ ಆ ಅಕ್ಷರ ಇತ್ತು ಅನ್ನೋ ತಿಳಿವಳಿಕೆ ಉಳೀತು. ಜರ್ಮನಿಯಿಂದ ಬಂದ ಫರ್ಡಿನಾಂಡ್ ಕಿಟ್ಟೆಲ್ 1872ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್‌ನಿಂದ ಶಬ್ದಮಣಿದರ್ಪಣವನ್ನ ಅಚ್ಚು ಹಾಕಿಸಿದರು. 1894ರಲ್ಲಿ ಅವರ ದೊಡ್ಡ ನಿಘಂಟು ಬಂದಾಗ ಅದರಲ್ಲೂ ೞ ತನ್ನ ಜಾಗದಲ್ಲಿ ಕೂತಿತ್ತು.

ನಿಮ್ಮ ಫೋನಿನಲ್ಲೂ ಇದೆ. ಎಲ್ಲ ಫೋನು, ಕಂಪ್ಯೂಟರುಗಳಿಗೆ ಯಾವ ಅಕ್ಷರಕ್ಕೆ ಯಾವ ನಂಬರು ಅಂತ ಹೇಳೋ ಪಟ್ಟಿ ಯೂನಿಕೋಡ್. ಅದರಲ್ಲಿ ೞಕ್ಕೆ ಜಾಗ ಕೊಟ್ಟಿದ್ದಾರೆ, ಆದರೆ ಹೆಸರು ಬರೆಯುವಾಗ ಎಡವಿದ್ದಾರೆ. 'ಕನ್ನಡ ಲೆಟರ್ ಎಫ್‌ಎ' ಅಂತ ಬರೆದಿದ್ದಾರೆ. ಅಂದ್ರೆ ಫ! ಒಮ್ಮೆ ಇಟ್ಟ ಹೆಸರು ಬದಲಿಸಬಾರದು ಅನ್ನೋದು ಯೂನಿಕೋಡಿನ ನಿಯಮ. ಅದಕ್ಕೆ ತಿದ್ದುಪಡಿ ಅಂತ ಪಕ್ಕದಲ್ಲಿ ಇನ್ನೊಂದು ಹೆಸರು ಸೇರಿಸಿದ್ದಾರೆ, ಮೂಲ ತಪ್ಪು ಹಾಗೇ ಇದೆ. ಸತ್ತ ಮೇಲೂ ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಾಗಿದೆ ಅನ್ನೋ ಹಾಗಾಯ್ತು.

ಕಂಪ್ಯೂಟರ್ ಮಾತು ಬಂತು ಅಂತ ಇನ್ನೊಂದು ವಿಷಯ. ಕೆಲಸಕ್ಕೆ ಸೇರಿದ ಮೇಲೆ ನನ್ನ ಹ ಪಟ್ಟಿಯನ್ನ ಎಕ್ಸೆಲ್‌ಗೆ ಹಾಕಿದೆ. ಪದಗಳ ಉದ್ದ ನೋಡೋಣ ಅಂತ ಎಲ್‌ಇಎನ್ ಸೂತ್ರ ಕೊಟ್ಟೆ. 'ಸ್ತ್ರೀ' ಅಂತ ಟೈಪ್ ಮಾಡಿದ್ರೆ ಆರು ಅಂತು! ನಮಗೆ ಅದು ಒಂದೇ ಅಕ್ಷರ. ಕಂಪ್ಯೂಟರ್ ಮಾತ್ರ ಸ, ತ, ರ, ಎರಡು ವಿರಾಮ, ಒಂದು ದೀರ್ಘದ ಗುರುತು ಅಂತ ಬಿಡಿಬಿಡಿಯಾಗಿ ಎಣಿಸುತ್ತೆ. ಇಂಗ್ಲಿಷಿನಲ್ಲಿ 'ಐದಕ್ಷರದ ಪದ' ಅಂದ್ರೆ ಜಗಳವೇ ಇಲ್ಲ. ಕನ್ನಡದಲ್ಲಿ ಅಕ್ಷರ ಅಂದ್ರೆ ಯಾವುದು ಅನ್ನೋದೇ ಮೊದಲ ಪ್ರಶ್ನೆ. ಕನ್ನಡದಲ್ಲಿ ಇಂಥ ಆಟ ಮಾಡೋಕೆ ಹೊರಟವರು ಮೊದಲು ಬಿಡಿಸಬೇಕಾದ ಗಂಟು ಇದು.

ಈಗ ಹ ಕಡೆಗೆ ವಾಪಸ್ ಬರೋಣ. ಅಜ್ಜಿ ಕಳ್ಕೊಂಡಿರೋ ಹ ಎಲ್ಲಿಂದ ಬಂತು? ಪಂಪನ ಕಾಲದಲ್ಲಿ ಹಾಲು 'ಪಾಲ್', ಹಕ್ಕಿ 'ಪಕ್ಕಿ', ಹತ್ತು 'ಪತ್ತು', ಹೊಲ 'ಪೊಲ'. ತಮಿಳಿನಲ್ಲಿ ಈಗಲೂ ಪಾಲ್, ಪತ್ತು. ಆಮೇಲಿನ ಕೆಲವು ಶತಮಾನಗಳಲ್ಲಿ ಕನ್ನಡಿಗರ ತುಟಿ ಸಡಿಲವಾಗಿ ಪ ಹೋಗಿ ಹ ಬಂತು. ಪ ಅನ್ನೋಕೆ ತುಟಿ ಮುಚ್ಚಬೇಕು, ಹ ಅನ್ನೋಕೆ ಉಸಿರು ಬಿಟ್ರೆ ಸಾಕು. ನಮ್ಮ ಕಡೆಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಆ ಉಸಿರನ್ನೂ ಬಿಟ್ಟರು. ಪಾಲು, ಹಾಲು, ಆಲು. ಅಂದ್ರೆ ಯಾವ ಹ ಬರಲಿಲ್ಲ ಅಂತ ನನ್ನನ್ನ ನೋಡಿ ನಕ್ಕರೋ, ಆ ಹ ತಾನೇ ಒಂದು ಕಾಲದಲ್ಲಿ ಪ ಹೇಳೋಕೆ ಬರದವರ ಮಾತಾಗಿತ್ತು.

ಇಂಗ್ಲಿಷಿನಲ್ಲೂ ಹೀಗೇ. ಲಂಡನ್ನಿನ ದುಡಿಯೋ ಜನ ಎಚ್ ನುಂಗ್ತಾರೆ ಅಂತ ದೊಡ್ಡೋರು ಆಡ್ಕೊಳ್ತಿದ್ರು. 1964ರ 'ಮೈ ಫೇರ್ ಲೇಡಿ' ಸಿನಿಮಾದಲ್ಲಿ ಹೂ ಮಾರೋ ಎಲೈಜಾಳನ್ನ ಒಂದು ದೀಪದ ಮುಂದೆ ಕೂರಿಸಿ ಎಚ್ ಕಲಿಸ್ತಾರೆ. ಎಚ್ ಸರಿಯಾಗಿ ಬಂದ್ರೆ ಉಸಿರಿಗೆ ಜ್ವಾಲೆ ಅಲುಗಾಡಬೇಕು. ಅದೇ ಇಂಗ್ಲಿಷಿನಲ್ಲಿ 'ಅವರ್', 'ಆನೆಸ್ಟ್' ಅನ್ನೋ ಪದಗಳಿಗೆ ಎಚ್ ಬರೀಬೇಕು, ಹೇಳಬಾರದು. ಅಲ್ಲಿ ಎಚ್ ಹೇಳಿದವರೇ ಹಳ್ಳಿಗಮಾರರು. ಯಾವ ಅಕ್ಷರ ನುಂಗಿದ್ರೆ ಮರ್ಯಾದೆ, ಯಾವುದು ನುಂಗಿದ್ರೆ ಅವಮಾನ ಅನ್ನೋದನ್ನ ತೀರ್ಮಾನ ಮಾಡೋದು ವೇದಿಕೆಯ ಮುಂದೆ ಕೂತಿರೋರು.

ಕೊನೆಗೆ ನಮ್ಮೂರ ಕಲ್ಲಿನ ವಿಷಯ. ಇದನ್ನ ಹೇಳೋಕೇ ಇಷ್ಟು ಸುತ್ತಿಸಿದೆ.

1368ರಲ್ಲಿ ವಿಜಯನಗರದ ಬುಕ್ಕರಾಯನ ಹತ್ರ ಒಂದು ದೂರು ಬಂತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹದ ಪಟ್ಟಣ ಮೊದಲಾದ ಕಡೆಯ ಜೈನರು, ವೈಷ್ಣವರಿಂದ ನಮಗೆ ಅನ್ಯಾಯ ಆಗ್ತಿದೆ ಅಂತ ಬಿನ್ನಹ ಮಾಡ್ಕೊಂಡರು. ರಾಜ ಜೈನರ ಕೈಯನ್ನ ವೈಷ್ಣವರ ಕೈಯಲ್ಲಿ ಇಟ್ಟು, ಎರಡು ದರ್ಶನಗಳಿಗೂ ಭೇದ ಇಲ್ಲ ಅಂತ ತೀರ್ಪು ಕೊಟ್ಟ. ಶ್ರವಣಬೆಳಗೊಳದ ಕಾವಲಿಗೆ ಇಪ್ಪತ್ತು ಆಳುಗಳು. ಅದಕ್ಕೆ ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣ. ಮಿಕ್ಕ ದುಡ್ಡು ಬಸದಿಗಳ ರಿಪೇರಿಗೆ. ಬಜೆಟ್ ಸಮೇತ ತೀರ್ಪು. ಅದನ್ನ ಶ್ರವಣಬೆಳಗೊಳದಲ್ಲಿ ಕಲ್ಲಿಗೆ ಹಾಕಿಸಿದರು. ಅದೇ ಶಾಸನದ ಇನ್ನೊಂದು ಪ್ರತಿ ಇರೋದು ನಮ್ಮ ಕಲ್ಯದಲ್ಲಿ. ಬಿ. ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ 9ನೇ ಸಂಪುಟದಲ್ಲಿ, ಮಾಗಡಿ ತಾಲ್ಲೂಕಿನ ಶಾಸನಗಳ ನಡುವೆ ಅದು ಅಚ್ಚಾಗಿದೆ.

ಬೆಳಗೊಳದ ಕಲ್ಲಿನ ಕೊನೆಯಲ್ಲಿ ಒಬ್ಬ ವ್ಯಾಪಾರಿಯ ಹೆಸರು ಬರುತ್ತೆ. ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ. ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನವರನ್ನ ಕರೆಸಿ ಜೀರ್ಣೋದ್ಧಾರ ಮಾಡಿಸಿದವನು. ಎರಡೂ ಕಡೆಯವರು ಸೇರಿ ಅವನಿಗೆ ಸಂಘನಾಯಕ ಅನ್ನೋ ಪಟ್ಟ ಕಟ್ಟಿದರು. ಅವನು ಯಾವ ಊರವನು? ಕಲ್ಲೇಹದವನು. ಕಲ್ಲೇಹ ಅಂದ್ರೆ ಇವತ್ತಿನ ಕಲ್ಯ.

ಕಲ್ಲೇಹ. ಮತ್ತೊಮ್ಮೆ ಹೇಳ್ತೀನಿ, ಕೇಳಿ. ಕಲ್ಲೇ–ಹ. ನಮ್ಮೂರ ಹೆಸರಲ್ಲೇ ಒಂದು ಹ ಇತ್ತು. ಕಲ್ಲಿನಲ್ಲಿ ಕೊರೆದಿದ್ದರೂ ಬಾಯಲ್ಲಿ ನಿಲ್ಲಲಿಲ್ಲ. ಹೇಳ್ತಾ ಹೇಳ್ತಾ ಸವೆದು ಕಲ್ಯ ಆಯ್ತು. ಈಗ ಬಸ್ಸಿನ ಬೋರ್ಡಿನಲ್ಲೂ ಕಲ್ಯ, ಆಧಾರ್ ಕಾರ್ಡಿನಲ್ಲೂ ಕಲ್ಯ. ಯಾರೂ ಅದನ್ನ ತಪ್ಪು ಅನ್ನಲ್ಲ. ನನ್ನ ಪಟ್ಟಿಯಲ್ಲಿ ಸೇರಿಸದೇ ಬಿಟ್ಟಿದ್ದ ಒಂದೇ ಒಂದು ಹ ಪದ ನಮ್ಮೂರಿನದ್ದು.

ಈಗ ಒಂದು ತಪ್ಪೊಪ್ಪಿಗೆ. ಹಿಂದೆ ರಾಗಿ ಬಗ್ಗೆ ಒಂದು ಕಂತು ಮಾಡಿದ್ದೆ, ಅದಕ್ಕೆ ಅಜ್ಜಿಯ ಧ್ವನಿ ರೆಕಾರ್ಡ್ ಮಾಡ್ಕೊಂಡಿದ್ದೆ. ಕಾಮೆಂಟಿನಲ್ಲಿ ಯಾರಾದ್ರೂ ಆಡ್ಕೊಂಡ್ರೆ ಅಂತ ಹೆದರಿ ಆ ಧ್ವನಿಯನ್ನ ಕತ್ತರಿಸಿದೆ. ಅಜ್ಜಿಯ ಮಾತನ್ನ ನಾನೇ ಓದಿದೆ. ಬರವಣಿಗೆ ರೂಪದಲ್ಲಿ ಅಜ್ಜಿ 'ಒಲ' ಅಂದದ್ದನ್ನೆಲ್ಲ 'ಹೊಲ' ಅಂತ ತಿದ್ದಿದೆ. ವೇದಿಕೆಯ ಮುಂದೆ ಕೂತು ನಕ್ಕವರ ಕೆಲಸವನ್ನ ಈ ಸಲ ನಾನೇ ಮಾಡಿದ್ದೆ.

ಈ ಕಂತಿನಲ್ಲಿ ತಿದ್ದಿಲ್ಲ. ಮೇಲೆ ಓದಿದ್ದೀರಲ್ಲ, 'ಉಡುಕೋದೇನವ್ವಾ' ಅಂತ, ಅದು ಅಜ್ಜಿ ಅಂದ ಹಾಗೇ ಇದೆ. ಹ ಪಟ್ಟಿಯನ್ನೂ ಹರಿದುಹಾಕಿಲ್ಲ. ನಾಳೆ ಇಂಟರ್‌ವ್ಯೂಗೆ ಹೋಗೋ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಅದು ಬೇಕಾಗುತ್ತೆ, ಕೇಳಿದವರಿಗೆ ಕಳಿಸ್ತೀನಿ. ಅದರ ಪಕ್ಕದಲ್ಲಿ ಈಗ ಮೂರನೇ ಕಾಲಂ ಎಳೆದಿದ್ದೀನಿ. ಅದು ಅಜ್ಜಿಯ ಕಾಲಂ. ಆಲು, ಅಕ್ಕಿ, ಒಲ, ಅತ್ತು, ಉಳಿ. ಕೇಶಿರಾಜ ಹೋಗ್ತಿರೋ ಅಕ್ಷರವನ್ನ ಬರೆದಿಟ್ಟ. ಬರ್ತಿರೋ ಮಾತನ್ನೂ ಯಾರಾದ್ರೂ ಬರೆದಿಡಬೇಕಲ್ಲ.

ಅಜ್ಜಿಗೆ ಇದನ್ನೆಲ್ಲ ಹೇಳಿದೆ. ನಮ್ಮೂರಿಗೆ ಮುಂಚೆ ಕಲ್ಲೇಹ ಅಂತಿದ್ರಂತೆ ಅಂದೆ. ಅಜ್ಜಿ ಅವರೆಕಾಯಿ ಸಿಪ್ಪೆ ಗುಡ್ಡೆ ಮಾಡ್ತಾ, "ಉದ್ದ ಆಯ್ತು ಬುಡವ್ವ. ಕೂಗಿ ಕರ್ಯಕ್ಕೆ ಕಲ್ಯನೇ ಚೆಂದಾಕದೆ" ಅಂತು.

ನಿಮ್ಮ ಊರಿನ ಹೆಸರಲ್ಲೂ ಯಾವುದಾದ್ರೂ ಅಕ್ಷರ ಬಿದ್ದುಹೋಗಿದೆಯಾ? ಮನೆಯ ಹಿರಿಯರನ್ನ ಕೇಳಿ ವಾಯ್ಸ್ ಮೆಸೇಜ್ ಕಳಿಸಿ. ಅವರದ್ದೇ ಧ್ವನಿಯಲ್ಲಿ ಕಳಿಸಿದ್ರೆ ಇನ್ನೂ ಖುಷಿ. ತಿದ್ದಲ್ಲ, ಮಾತು ಕೊಡ್ತೀನಿ. ಮುಂದಿನ ವಾರ ಸಿಗೋಣ. ನಮಸ್ಕಾರ.